ಯಾರ ಕಡೆಯವರೆಂದು ಕೇಳದವನು

ಜಯಬೋಧಿ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಅರಸೀಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವರ ಜೊತೆ ಗಾಡಿ ಬರುವವರೆಗೂ ಮಾತಾಡುತ್ತಿದ್ದ. ಅವರ ಮಂಡಿನೋವು, ತೆಂಗಿಗೆ ಬಿದ್ದ ರೋಗ, ಮಗಳ ಪರೀಕ್ಷೆ ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದ. ಗಾಡಿ ಬಂದು ಅವರು ಎದ್ದು ಹೋದ ಮೇಲೆ ಯಾರದು ಎಂದು ನಾನು ಕೇಳಿದರೆ, "ಯಾರಿಗ್ ಗೊತ್ತು? ಒಳ್ಳೆ ಮನುಷ್ಯ" ಎನ್ನುತ್ತಿದ್ದ.

ನಮ್ಮ ಕಡೆ ಮಾತು ಶುರುವಾಗುವುದೇ ಹೆಸರು, ಊರು, ಯಾರ ಮನೆ ಎಂಬುದರಿಂದ. ಇವನು ಅದನ್ನು ಬಿಟ್ಟು ಬೇರೆಲ್ಲ ಕೇಳುತ್ತಿದ್ದುದರಿಂದ ಕೆಲವರಿಗೆ ಇರುಸುಮುರುಸಾಗುತ್ತಿತ್ತು. "ನಾನ್ಯಾರು ಅಂತ ಕೇಳ್ಲೇ ಇಲ್ಲ ಕಣ್ರೀ, ಮುಖಕ್ಕೆ ಹೊಡ್ದಂಗಾಯ್ತು" ಎಂದು ಜಾವಗಲ್ಲಿನ ಅಂಗಡಿಯವರೊಬ್ಬರು ನನ್ನ ಹತ್ತಿರ ದೂರಿದ್ದೂ ಉಂಟು. ನಾನು ಪತ್ರಿಕೆಯ ವರದಿಗಾರ. ನನ್ನ ಕೆಲಸದಲ್ಲಿ ಮೊದಲ ಪ್ರಶ್ನೆಯೇ 'ಯಾರು'. ಅವನು ನನ್ನನ್ನು ಅದಕ್ಕಾಗಿ ಗೇಲಿ ಮಾಡುತ್ತಿದ್ದ. "ನಿಂಗೆ ಬೆಂಕಿ ಬಿದ್ರೂ ಮೊದ್ಲು ಯಾರ ಮನೆ ಅಂತ ಕೇಳ್ತೀಯ. ನೀರು ಆಮೇಲೆ."

ಈ ಅಭ್ಯಾಸ ಅವನಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿದ್ದಾಗ ನಾವಿಬ್ಬರೂ ಸೈಕಲ್ಲಿನಲ್ಲಿ ಗಂಡಸಿಯ ಕಡೆ ಹೋಗಿದ್ದೆವು. ಬಿಸಿಲು. ದಾರಿಯ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದ ಮುದುಕರ ಹತ್ತಿರ ನೀರು ಕೇಳಿದೆವು. ಅವರು ಚೊಂಬನ್ನು ಕೈಯಲ್ಲಿ ಹಿಡಿದುಕೊಂಡೇ, "ಯಾರ ಕಡೆಯೋರ್‍ಲಾ ನೀವು?" ಎಂದರು. ನಾನು ಹೇಳಿದೆ. ಜಯಬೋಧಿ, "ನಂಗೆ ಬಾಯಾರಿಕೆ ಇಲ್ಲ" ಎಂದು ಸೈಕಲ್ ತಿರುಗಿಸಿಕೊಂಡು ರಸ್ತೆಗೆ ಹೋಗಿ ನಿಂತ. ಅವನ ತಂದೆ ರೈಲ್ವೆಯಲ್ಲಿದ್ದವರು, ನೌಕರಿಗೆ ಸೇರಿದ ಮೇಲೆ ಬೌದ್ಧ ಧರ್ಮಕ್ಕೆ ಬಂದವರು. ಮಗನಿಗೆ ಹೊಸ ಹೆಸರಿಟ್ಟರು. ಅಷ್ಟರಲ್ಲಿ ಮಗಳು ಗೌರಮ್ಮನಿಗೆ ಮದುವೆಯ ವಯಸ್ಸಾಗಿತ್ತು, ಅವಳ ಹೆಸರು ಹಾಗೇ ಉಳಿಯಿತು. ಹೆಸರು ಬದಲಾದರೂ ಜಗಲಿಯ ಪ್ರಶ್ನೆ ಬದಲಾಗಿರಲಿಲ್ಲ. ಎಷ್ಟೋ ವರ್ಷಗಳ ನಂತರ ಅವನು ಒಮ್ಮೆ ಮಾತ್ರ ಆ ದಿನದ ಬಗ್ಗೆ ಮಾತಾಡಿದ. "ನೀರು ಬೇಕೇನಪ್ಪ ಅಂತ ಕೇಳಿ ಅಷ್ಟಕ್ಕೇ ಬಿಟ್ಟಿದ್ರೆ ಸಾಕಾಗಿತ್ತು."

ಓದಿ, ಪರೀಕ್ಷೆಗಳನ್ನು ಕಟ್ಟಿ, ಅವನು ಫ್ಲೈಟ್ ಡಿಸ್ಪ್ಯಾಚರ್ ಆದ. ವಿಮಾನ ಹೊರಡುವ ಮುನ್ನ ಹವೆ, ಇಂಧನ, ದಾರಿ, ಇಳಿಯುವ ನಿಲ್ದಾಣದ ಸ್ಥಿತಿ ಎಲ್ಲವನ್ನೂ ನೆಲದ ಮೇಲೆ ಕುಳಿತು ನೋಡಿ, ಹೋಗಬಹುದು ಅಥವಾ ಕೂಡದು ಎಂದು ಹೇಳುವ ಕೆಲಸ. ಅವನಿದ್ದ ಕಂಪನಿಯಲ್ಲಿ ಪೈಲಟ್ಟೂ ಅವನೂ ಇಬ್ಬರೂ ಸಹಿ ಹಾಕದೆ ವಿಮಾನ ಏಳುವಂತಿರಲಿಲ್ಲ. ಮೊದಲು ಪ್ರಯಾಣಿಕರ ವಿಮಾನಗಳ ಕಂಪನಿಯೊಂದರಲ್ಲಿದ್ದ, ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಒಂದು ಏರ್ ಆಂಬುಲೆನ್ಸ್ ಕಂಪನಿಗೆ ಬಂದ. ಮದುವೆಯಾಗಲಿಲ್ಲ. ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಅರಸೀಕೆರೆಗೆ ಬಂದು, ತಂದೆ ಕಟ್ಟಿಸಿದ ಮನೆಯ ಬೀಗ ತೆಗೆದು, ಮರುದಿನ ಜಾವಗಲ್ಲಿಗೆ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಬೆಳೆಸಿದವರು ಗೌರಮ್ಮನವರೇ.

ಏರ್ ಆಂಬುಲೆನ್ಸ್ ಕೆಲಸದಲ್ಲಿ ಅವನಿಗೆ ತುಂಬ ಹಿಡಿಸಿದ್ದ ಒಂದು ನಿಯಮವಿತ್ತು. ವಿಮಾನ ಹೊರಡಬಹುದೇ ಎಂದು ತೀರ್ಮಾನಿಸುವವರಿಗೆ ರೋಗಿ ಯಾರು, ಎಷ್ಟು ಗಂಭೀರ, ಮಗುವೋ ಮುದುಕರೋ ಎಂಬುದನ್ನು ತಿಳಿಸುವಂತಿಲ್ಲ. ಕರೆಗಳನ್ನು ತೆಗೆದುಕೊಳ್ಳುವವರು ಬೇರೆ ಕೋಣೆಯಲ್ಲಿರುತ್ತಾರೆ. ಡಿಸ್ಪ್ಯಾಚರಿಗೂ ಪೈಲಟ್ಟಿಗೂ ಬರುವುದು ಎಲ್ಲಿಂದ, ಎಲ್ಲಿಗೆ, ಎಷ್ಟು ಭಾರ, ಎಷ್ಟು ಹೊತ್ತಿಗೆ, ಇಷ್ಟೇ. ಕನಿಕರಕ್ಕೆ ಬಿದ್ದು ಕೆಟ್ಟ ಹವೆಯಲ್ಲಿ ಹೊರಟು ರೋಗಿಯ ಜೊತೆ ಉಳಿದವರೂ ಸತ್ತ ಪ್ರಸಂಗಗಳು ಆ ಉದ್ಯಮದಲ್ಲಿ ಇದ್ದುದರಿಂದ ಬಂದ ನಿಯಮ ಇದು. ಅವನ ಕಂಪನಿಯಲ್ಲಿ ಅದು ಸಡಿಲವಾಗಿತ್ತು. ಯಾರೋ ದೊಡ್ಡವರ ಕಡೆಯವರು ಎಂಬ ಮಾತು ಬಾಗಿಲ ಸಂದಿಯಿಂದ ಬರುತ್ತಿತ್ತು. ಜಯಬೋಧಿ ಹಟ ಹಿಡಿದು ಅದನ್ನು ಬಿಗಿ ಮಾಡಿಸಿದ. ಡ್ಯೂಟಿಯ ಹೊತ್ತಿನಲ್ಲಿ ಮೊಬೈಲನ್ನೂ ಹೊರಗಿನ ಲಾಕರಿನಲ್ಲಿ ಇಡಬೇಕೆಂದು ಮಾಡಿಸಿದ.

"ಈ ದೇಶದಲ್ಲಿ ಯಾರ ಕಡೆಯೋರು ಅಂತ ಕೇಳಿದ್ರೆ ಕೆಲಸ ಕಳ್ಕೊಳೋದು ಇದೊಂದೇ ಕುರ್ಚಿ ಇರಬೇಕು" ಎಂದು ನನಗೆ ಹೇಳಿದ್ದ. ಹೇಳುವಾಗ ಅವನ ಮುಖದಲ್ಲಿದ್ದ ಸಂತೋಷ ನನಗೆ ನೆನಪಿದೆ.

ಅವನಿಂದಲೇ ನಾನು ಸೂರ್ಯನ ವಿಷಯ ಕಲಿತದ್ದು. ಸೂರ್ಯನ ಚಟುವಟಿಕೆ ಏರುಮುಖದಲ್ಲಿದ್ದ ವರ್ಷಗಳು ಅವು. ನಮ್ಮ ಪತ್ರಿಕೆಯ ಮುಖಪುಟದಲ್ಲಿ ಸೌರ ಬಿರುಗಾಳಿ ಎಂಬ ದಪ್ಪಕ್ಷರದ ಕೆಳಗೆ ಉರಿಯುವ ಭೂಮಿಯ ಚಿತ್ರ ಬಂದಿತ್ತು. ಬೆಳಿಗ್ಗೆಯೇ ಫೋನ್ ಮಾಡಿದ.

"ಲೋ, ಭೂಮಿಗೆ ಬೆಂಕಿ ಹಚ್ಚಿದ್ದೀರಂತಲ್ಲ. ನಾನು ಮೊಸರನ್ನ ತಿಂತಾ ಕೂತಿದ್ದೀನಿ, ಬಿಸಿ ಏನೂ ತಾಗ್ತಿಲ್ಲ."

"ನಾನು ಬರೆದಿದ್ದಲ್ಲ ಕಣೋ. ಡೆಸ್ಕ್‌ನೋರು ಹಾಕಿದ್ದು."

"ಯಾರು ಅಂತ ನಾನು ಕೇಳ್ಲಿಲ್ಲ. ಸರಿ ಮಾಡು. ಬೀದೀಲಿ ಹೋಗೋರಿಗೆ ಏನೂ ಆಗಲ್ಲ ಅಂತ ಬರಿ. ಮೋಡದೊಳಗೆ ಇಳಿಯೋ ವಿಮಾನಕ್ಕೆ ಆಗಬಹುದು ಅಂತಾನೂ ಬರಿ. ಎರಡೂ ಬರಿಬೇಕು."

ಒಳಪುಟದಲ್ಲಿ ಸಣ್ಣದಾಗಿ ಎರಡೂ ಬಂತು. ಅದನ್ನು ಬರೆಯಲು ಅವನು ನನಗೆ ವಿವರಿಸಿದ್ದು ಹಳೇಬೀಡಿನಲ್ಲಿ. ಆ ಭಾನುವಾರ ಅವನ ಅಕ್ಕ, ಭಾವ, ನಾನು, ಅವನು ನಾಲ್ವರೂ ಬುತ್ತಿ ಕಟ್ಟಿಕೊಂಡು ಹೋಗಿ ದೇವಾಲಯದ ಹಿಂದಿನ ಕೆರೆಯ ದಡದಲ್ಲಿ ಕುಳಿತಿದ್ದೆವು. ಭಾವ ನಂಜುಂಡಯ್ಯ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ ಮೇಲಕ್ಕೆ ಬಂದು ನಿವೃತ್ತರಾಗಿದ್ದವರು. ದಪ್ಪ ಮೀಸೆ, ದೊಡ್ಡ ದನಿ. ಮೈದುನನನ್ನು ಕೆಣಕದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ.

ಜಯಬೋಧಿ ನೀರಿನೊಳಗಿನ ಒಂದು ಕಲ್ಲು ತೋರಿಸಿದ. ಗಾಳಿಗೆ ನೀರು ನಡುಗಿದಾಗ ಕಲ್ಲು ಅತ್ತಿತ್ತ ಸರಿದಂತೆ, ಒಮ್ಮೆ ಒಡೆದು ಎರಡಾದಂತೆ ಕಾಣುತ್ತಿತ್ತು. "ಕಲ್ಲು ಅಲ್ಲೇ ಐತೆ. ನಡುವೆ ಇರೋ ನೀರು ಅಲ್ಲಾಡ್ತೈತೆ. ಉಪಗ್ರಹದ ಸಂಕೇತ ನಮ್ಮ ವಿಮಾನಕ್ಕೆ ಬರೋವಾಗ ನಡುವೆ ಇಂಥದೊಂದು ಪದರ ದಾಟಿ ಬರಬೇಕು. ಆಕಾಶದ ಮೇಲ್ಗಡೆ, ಸೂರ್ಯನ ಬಿಸಿಲಿಗೆ ವಿದ್ಯುತ್ ತುಂಬ್ಕೊಂಡಿರೋ ಪದರ. ಸೂರ್ಯ ಕೆರಳಿದ ದಿನ ಅದು ಕಲಕಿಹೋಗ್ತೈತೆ. ಸಂಕೇತ ತಡವಾಗಿ ಬರ್ತೈತೆ, ಇಲ್ಲ ಮಿಣುಕಿ ಕಳೆದುಹೋಗ್ತೈತೆ. ವಿಮಾನದ ಯಂತ್ರ ತಾನು ಎಲ್ಲಿದ್ದೀನಿ, ಎಷ್ಟು ಎತ್ತರದಲ್ಲಿದ್ದೀನಿ ಅಂತ ಲೆಕ್ಕ ಹಾಕೋದೇ ಆ ಸಂಕೇತದಿಂದ. ತಪ್ಪು ತಿದ್ದೋಕೆ ನೆಲದ ಮೇಲೆ ಬೇರೆ ಕೇಂದ್ರಗಳವೆ. ಅವಕ್ಕೂ ಭರವಸೆ ಇಲ್ಲದೇ ಇದ್ರೆ, ಯಂತ್ರ ಹೇಳೋ ಎತ್ತರ ನಂಬಬೇಡ ಅಂತ ಪೈಲಟ್ಟಿಗೆ ಹೇಳಿಬಿಡ್ತಾವೆ. ನಮ್ಮ ದೇಶದ ಮೇಲೆ ಇದು ಜಾಸ್ತಿ ಆಗೋದು ಸೂರ್ಯ ಮುಳುಗಿದ ಮೇಲೆ."

"ಮುಳುಗಿದ ಮೇಲಾ?" ನಂಜುಂಡಯ್ಯ ತುತ್ತು ನಿಲ್ಲಿಸಿದರು. "ಏನ್ಲಾ ಇದು, ಲೈನ್ ಆಫ್ ಮಾಡಿದ ಮೇಲೆ ಶಾಕ್ ಹೊಡೀತು ಅಂದಂಗಾಯ್ತು."

"ಹೊಡೆಯಲ್ವಾ ಭಾವ? ಆಫ್ ಮಾಡಿದ್ರೂ ಅರ್ಥಿಂಗ್ ಮಾಡದೆ ತಂತಿ ಮುಟ್ಟಬೇಡಿ ಅಂತ ಹುಡುಗರಿಗೆ ಬಯ್ತಿದ್ದೋರು ಯಾರು?"

ನಂಜುಂಡಯ್ಯ ಹೊಟ್ಟೆ ಕುಲುಕಿಸಿ ನಕ್ಕರು. "ಗೌರಿ, ನಿನ್ನ ತಮ್ಮ ನನ್ನ ಕಂಬಕ್ಕೇ ನನ್ನ ಕಟ್ಟಿಹಾಕ್ದ ನೋಡು. ಅವನಿಗಿನ್ನೊಂದು ಮುದ್ದೆ ಹಾಕು."

ಭಾವ ಮೈದುನರಿಬ್ಬರನ್ನೂ ನಾನು ಒಟ್ಟಿಗೆ ಕಂಡದ್ದು ಅದೇ ಕಡೆಯ ಸಲ.

ಮುಂದಿನ ಭಾಗದಲ್ಲಿ ನಾನು ಕಣ್ಣಾರೆ ಕಂಡದ್ದು ಏನೂ ಇಲ್ಲ. ಜಯಬೋಧಿ, ಗೌರಮ್ಮ ಮತ್ತು ಆ ದಿನದ ಪೈಲಟ್, ಈ ಮೂವರಿಂದ ಬೇರೆಬೇರೆಯಾಗಿ ಕೇಳಿದ್ದು. ಮೂವರ ಮಾತೂ ಎಲ್ಲಿಯೂ ಒಂದಕ್ಕೊಂದು ವಿರೋಧವಾಗಿರಲಿಲ್ಲ.

ದಸರಾಕ್ಕೆ ಸ್ವಲ್ಪ ಮುಂಚೆ ಅರಸೀಕೆರೆ ತಾಲ್ಲೂಕಿನ ಕೆಲವು ಬೌದ್ಧ ಕುಟುಂಬಗಳು ಒಂದು ಬಸ್ಸು ಮಾಡಿಕೊಂಡು ಮಧ್ಯ ಭಾರತದ ಸ್ತೂಪಗಳನ್ನು ನೋಡಲು ಹೊರಟರು. ಗೌರಮ್ಮ, ನಂಜುಂಡಯ್ಯ ಅದರಲ್ಲಿದ್ದರು. ದಾರಿಯಲ್ಲಿ, ಗುಡ್ಡಗಳ ನಡುವಿನ ಒಂದು ಸಣ್ಣ ಪಟ್ಟಣದಲ್ಲಿ ಬೆಳಗಿನ ತಿಂಡಿಗೆ ಬಸ್ಸು ನಿಂತಾಗ ನಂಜುಂಡಯ್ಯನವರಿಗೆ ಎದೆನೋವು ಬಂತು. ಅಲ್ಲಿನ ಆಸ್ಪತ್ರೆಯ ಡಾಕ್ಟರು, ಇಲ್ಲಿ ಆಗುವುದಿಲ್ಲ, ದೊಡ್ಡ ಊರಿಗೆ ಹೋಗಬೇಕು ಎಂದರು. ಆ ಪಟ್ಟಣಕ್ಕೊಂದು ಸಣ್ಣ ವಿಮಾನ ನಿಲ್ದಾಣವಿತ್ತು. ಗೌರಮ್ಮ ತಮ್ಮನಿಗೆ ಫೋನ್ ಮಾಡಿದರು. ಅವನು ಡ್ಯೂಟಿಯ ಮೇಲಿದ್ದ, ಫೋನ್ ಲಾಕರಿನಲ್ಲಿತ್ತು. ಆಸ್ಪತ್ರೆಯವರ ಮೂಲಕ ಅದೇ ಕಂಪನಿಯ ನಂಬರು ಹಿಡಿದು ವಿಮಾನ ಕೇಳಿದರು.

"ನಮ್ಮ ತಮ್ಮ ಜಯಬೋಧಿ ಅಲ್ಲೇ ಅವ್ನೆ. ಅವನಿಗೊಂದು ಮಾತು ಹೇಳಿ" ಎಂದರು.

"ಹೇಳೋ ಹಾಗಿಲ್ಲಮ್ಮ. ನಿಮ್ಮ ಕೋರಿಕೆ ತಗೊಂಡಿದ್ದೀವಿ" ಎಂದು ಕರೆ ತೆಗೆದುಕೊಂಡವಳು ಹೇಳಿದಳು. ಅವಳಿಗೂ ಜಯಬೋಧಿಗೂ ನಡುವೆ ಒಂದು ಗಾಜಿನ ಗೋಡೆ ಇತ್ತು. ಅವಳು ನಿಯಮ ಪಾಲಿಸಿದಳು.

ಕಂಪನಿಯ ವಿಮಾನ ಬೇರೊಂದು ಕೆಲಸ ಮುಗಿಸಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಈಗ ಹೊರಟರೆ ತಲುಪುವುದು ಕತ್ತಲಾದ ಮೇಲೆ. ಆ ಪಟ್ಟಣದ ಮೇಲೆ ಮೋಡ ಇಳಿದಿತ್ತು, ಸುತ್ತ ಗುಡ್ಡ. ಅಲ್ಲಿ ನೆಲದಿಂದ ದಾರಿ ತೋರಿಸುವ ಉಪಕರಣ ಇಲ್ಲ. ಮೋಡದೊಳಗೆ ಇಳಿಯಬೇಕಾದರೆ ಉಪಗ್ರಹದ ಸಂಕೇತವೊಂದೇ ಆಧಾರ. ಅಲ್ಲಿ ಆಗದಿದ್ದರೆ ಹೋಗಿ ಇಳಿಯಬೇಕಾದ ಬದಲಿ ನಿಲ್ದಾಣದ ನೆಲದ ಉಪಕರಣವೂ ಆ ವಾರ ದುರಸ್ತಿಯಲ್ಲಿತ್ತು. ಅಷ್ಟರಲ್ಲಿ ಸೂರ್ಯನ ಕಾರಣದಿಂದ ಸಂಜೆಯ ನಂತರ ಸಂಕೇತ ಕೆಡಬಹುದು ಎಂಬ ಎಚ್ಚರಿಕೆ ಬಂತು. ತೀವ್ರ ಎಂದಿರಲಿಲ್ಲ, ಸಾಧಾರಣ ಎಂದಿತ್ತು. ತೀವ್ರವಾಗಿದ್ದರೆ ನಿಯಮವೇ ವಿಮಾನವನ್ನು ನಿಲ್ಲಿಸುತ್ತಿತ್ತು. ಸಾಧಾರಣವಾದರೆ ತೀರ್ಮಾನ ಡಿಸ್ಪ್ಯಾಚರನ ವಿವೇಚನೆಗೆ ಬಿಟ್ಟದ್ದು.

ಪೈಲಟ್ ಕ್ಯಾಪ್ಟನ್ ಅಕ್ಷತಾ, ಹುಬ್ಬಳ್ಳಿಯ ಹುಡುಗಿ. ಅವಳು ಸಹಿ ಹಾಕಿ ಆಗಿತ್ತು.

"ಹೋಗಿ ನೋಡ್ತೀನ್ರಿ ಸರ್. ಆಗ್ಲಿಲ್ಲಂದ್ರ ವಾಪಸ್ ಬರ್ತೀನಿ."

"ವಾಪಸ್ ಎಲ್ಲಿಗೆ ಬರ್ತೀಯಮ್ಮ?" ಎಂದು ಜಯಬೋಧಿ ಕೇಳಿದ. "ಬೆಂಗಳೂರಿನ ತನಕ ಬರೋಕೆ ಇಂಧನ ಸಾಲಲ್ಲ. ಅಲ್ಲಿಯೂ ಉಪಗ್ರಹ, ಬದಲಿ ನಿಲ್ದಾಣದಲ್ಲಿಯೂ ಉಪಗ್ರಹ. ಎರಡೂ ಒಟ್ಟಿಗೆ ಹೋದ್ರೆ?"

"ಹೋಗೂದಿಲ್ರಿ. ಸಾಧಾರಣ ಅಂತ ಬರ್ದಾರಲ್ಲ."

"ಸಂಕೇತ ಪೂರ್ತಿ ಹೋದ್ರೆ ನಿನಗೆ ಗೊತ್ತಾಗುತ್ತೆ, ಮೇಲೆ ಏಳ್ತೀಯ. ಗುಡ್ಡದ ಮಗ್ಗುಲಲ್ಲಿ ಅರ್ಧ ಇಳಿದಿರೋವಾಗ ಎತ್ತರ ನಂಬಬೇಡ ಅಂತ ಸೂಚನೆ ಬಂದ್ರೆ ಏನು ಮಾಡ್ತೀಯ?"

ಅವರಿಬ್ಬರೂ ದನಿ ಏರಿಸಿ ಮಾತಾಡಿದರು. ಗಾಜಿನ ಆಚೆ ಇದ್ದವಳು ಇಬ್ಬರನ್ನೂ ನೋಡುತ್ತಿದ್ದಳಂತೆ. ಜಯಬೋಧಿ ಸಹಿ ಹಾಕಲಿಲ್ಲ. ಬೆಳಕು ಹರಿದ ಮೇಲೆ ಎಂದು ಬರೆದ.

ಡ್ಯೂಟಿ ಮುಗಿಯುವ ಮುನ್ನ ಸಿಕ್ಕ ಬಿಡುವಿನಲ್ಲಿ ನೀರು ಕುಡಿಯಲು ಹೊರಗೆ ಬಂದು ಲಾಕರಿನಿಂದ ಫೋನ್ ತೆಗೆದ. ಅಕ್ಕನ ಕರೆಗಳು ಸಾಲಾಗಿದ್ದವು. ಫೋನ್ ಮಾಡಿದ.

ಗೌರಮ್ಮ ಎತ್ತಿಕೊಂಡವರೇ, "ಹೊಂಟಿತೇನೋ? ಎಷ್ಟೊತ್ತಿಗೆ ಬತ್ತೈತೆ ವಿಮಾನ?" ಎಂದರು.

"ಯಾವ ವಿಮಾನ ಅಕ್ಕ?" ಎಂದು ಅವನು ಕೇಳಿದ.

ಆಮೇಲೆ ಅವನು ಮಾಡಿದ ಕೆಲಸವೇ ಮುಂದೆ ಜಾವಗಲ್ಲಿನಲ್ಲಿ ಎಲ್ಲರ ಬಾಯಿಗೆ ಬಂತು. ಒಳಗೆ ಹೋಗಿ ಮ್ಯಾನೇಜರಿಗೆ, ಅಲ್ಲಿರುವ ರೋಗಿ ನನ್ನ ಭಾವ, ಈ ಹಾರಾಟದ ಮೇಲೆ ಇನ್ನು ನಾನು ತೀರ್ಮಾನ ಮಾಡುವಂತಿಲ್ಲ, ಬೇರೆಯವರನ್ನು ಕೂರಿಸಿ ಎಂದು ಹೇಳಿ ಕುರ್ಚಿ ಬಿಟ್ಟ. ಬೇರೆಯವರು ಬಂದು ಎಲ್ಲವನ್ನೂ ಮೊದಲಿನಿಂದ ನೋಡಿ, ಬೆಳಕು ಹರಿದ ಮೇಲೆ ಎಂದೇ ಬರೆದರು. ವಿಮಾನ ನಸುಕಿನಲ್ಲಿ ಹೊರಟಿತು. ನಂಜುಂಡಯ್ಯ ಅದಕ್ಕೂ ಮುಂಚೆ ತೀರಿಕೊಂಡಿದ್ದರು.

ಸುದ್ದಿಮನೆಯ ಅಭ್ಯಾಸದಂತೆ ನಾನು ವಿಚಾರಿಸಿದೆ. ಅವನ ಮೇಲಿನ ಪ್ರೀತಿಯಿಂದ ಹೇಳಿದೆ ಎಂದು ಯಾರೂ ಅನ್ನಬಾರದಿತ್ತು. ಕಂಪನಿ ತನಿಖೆ ಮಾಡಿ, ತೀರ್ಮಾನ ನಿಯಮಕ್ಕೆ ಅನುಗುಣವಾಗಿತ್ತು ಎಂದಿತು. ಆ ಮೇಲ್ಪದರವನ್ನು ಅಭ್ಯಾಸ ಮಾಡುವ ವಿಜ್ಞಾನಿಯೊಬ್ಬರನ್ನು ಕೇಳಿದೆ. ಅಂದು ಸಂಜೆ ಸಂಕೇತ ಕೆಟ್ಟದ್ದು ನಿಜ, ಆದರೆ ಅದು ತೇಪೆತೇಪೆಯಾಗಿ ಕೆಡುತ್ತದೆ, ಒಂದು ಊರಿನ ಮೇಲೆ ಕೆಟ್ಟರೆ ಪಕ್ಕದ ಊರಿನ ಮೇಲೆ ಸ್ವಚ್ಛವಾಗಿರಬಹುದು, ಆ ಪಟ್ಟಣದ ಮೇಲೆ ಅಳೆಯುವ ಯಂತ್ರ ಇರಲಿಲ್ಲ ಎಂದರು. ವಿಮಾನ ಇಳಿಯಬೇಕಾಗಿದ್ದ ಹೊತ್ತಿನಲ್ಲಿ ಅಲ್ಲಿ ಹೇಗಿತ್ತು ಎಂದೆ. ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ ಎಂದರು. ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ, ವಿಮಾನ ಬಂದಿದ್ದರೆ ಉಳಿಯುತ್ತಿದ್ದರೇ ಎಂದೆ. ಅವರೂ ಅದೇ ಉತ್ತರ ಕೊಟ್ಟರು.

ಜಾವಗಲ್ಲಿನ ಮನೆಯಲ್ಲಿ ಪುಣ್ಯಸ್ಮರಣೆಯ ದಿನ ಬುದ್ಧನ ಪಟದ ಕೆಳಗೆ ನಂಜುಂಡಯ್ಯನವರ ಫೋಟೋ ಇಟ್ಟು ಮೇಣದ ಬತ್ತಿ ಹಚ್ಚಿದ್ದರು. ಬಸ್ಸಿನಲ್ಲಿ ಹೋಗಿದ್ದವರೆಲ್ಲ ಬಂದಿದ್ದರು. ವಂದನೆ ಮುಗಿಯಿತು. ಜಯಬೋಧಿ ಬಾಗಿಲ ಹತ್ತಿರ ನಿಂತಿದ್ದ. ಅಂಗಳದಲ್ಲಿ ಯಾರೋ ಒಬ್ಬರು, ಎಲ್ಲರಿಗೂ ಕೇಳುವಂತೆಯೇ, "ರಾತ್ರಿ ಹೊತ್ತು ಸೂರ್ಯನ ನೆಪ ಹೇಳ್ದನಂತೆ ಕಣಪ್ಪ" ಎಂದರು. ಇನ್ನೊಬ್ಬರು, "ಮೊದ್ಲು ಗೊತ್ತಿರ್ಲಿಲ್ಲ, ಸರಿ. ಗೊತ್ತಾದ ಮೇಲೂ ಕೈ ಬಿಟ್ಟು ಎದ್ದನಲ್ಲ" ಎಂದರು.

ಗೌರಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಅಲ್ಲಿಂದಲೇ ಕೇಳಿದರು. ದನಿ ಏರಿರಲಿಲ್ಲ.

"ನಿನ್ನ ಭಾವ ಅಂತ ಗೊತ್ತಿದ್ದಿದ್ರೆ ಕಳಿಸ್ತಿದ್ದೇನ್ಲಾ?"

ಜನ ಜಯಬೋಧಿಯ ಕಡೆ ತಿರುಗಿದರು.

"ಹೇಳು. ಹೂಂ ಅನ್ನು, ಇಲ್ಲ ಊಹೂಂ ಅನ್ನು."

ಅವನು ಎರಡನ್ನೂ ಅನ್ನಲಿಲ್ಲ. ಗೌರಮ್ಮ ಮುಖ ತಿರುಗಿಸಿದರು. "ಹೇಳಂಗಾದಾಗ ಬಾ. ಅಲ್ಲೀಗಂಟ ಈ ಬಾಗ್ಲು ತುಳಿಬೇಡ."

ಊಟಕ್ಕೆ ಎಲೆ ಹಾಕುತ್ತಿದ್ದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಆ ಚಳಿಗಾಲವೆಲ್ಲ ಅವನು ರಜೆಯ ಮೇಲೆ ಅರಸೀಕೆರೆಯ ಮನೆಯಲ್ಲಿದ್ದ. ಕಂಪನಿಯವರು ಮತ್ತೆ ಕರೆಯುತ್ತಿದ್ದರು. ನಾನು ಸಂಜೆ ಕೆಲಸ ಮುಗಿಸಿ ಹೋಗಿ ಕೂರುತ್ತಿದ್ದೆ. ಅವನು ತೆಳ್ಳಗಾದ. ಒಮ್ಮೆ, "ನಾನು ಹೂಂ ಅಂದ್ರೆ ಏನಾಗುತ್ತೆ ಗೊತ್ತಾ?" ಎಂದ. "ಇಷ್ಟು ವರ್ಷ ನಾನು ಬೇಡ ಅಂದು ನಿಲ್ಲಿಸಿದ ಒಂದೊಂದು ವಿಮಾನದ ಕೆಳಗೂ ಯಾರೋ ಕಾಯ್ತಿದ್ರಲ್ಲ. ಅವರಿಗೂ ಒಬ್ಬ ತಮ್ಮ ಇದ್ದ. ಆ ತಮ್ಮ ಆ ಕುರ್ಚೀಲಿ ಇರ್ಲಿಲ್ಲ, ಅಷ್ಟೆ."

"ಹಂಗಾದ್ರೆ ಊಹೂಂ ಅನ್ನು" ಎಂದೆ.

"ಅದು ಸುಳ್ಳು ಕಣೋ" ಎಂದ.

ಬೇಸಿಗೆ ಶುರುವಾಗುವ ಹೊತ್ತಿಗೆ ಗೌರಮ್ಮ ಬೇಲೂರಿನ ಆಚೆ ಗೆಂಡೇಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಮಗಳು ಅಲ್ಲಿನ ಶಾಲೆಯಲ್ಲಿ ಟೀಚರು. ಒಂದು ಬೆಳಿಗ್ಗೆ ಜಯಬೋಧಿ ನನ್ನ ಮನೆಗೆ ಬಂದು, "ಗೆಂಡೇಹಳ್ಳಿಗೆ ಹೋಗಬೇಕು. ನಿನ್ನ ಕಾರು ತೆಗಿ" ಎಂದ.

ಗೌರಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ಕಂಡು ಏಳಲಿಲ್ಲ, ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಜಯಬೋಧಿ ಅವರೆದುರು ನೆಲದ ಮೇಲೆ ಕುಳಿತ.

"ಕಳಿಸ್ತಿದ್ದೆ ಅಕ್ಕ" ಎಂದ.

ಗೌರಮ್ಮನ ಕೈ ನಿಂತಿತು.

"ಭಾವ ಅಂತ ಗೊತ್ತಿದ್ದಿದ್ರೆ ಕಳಿಸ್ತಿದ್ದೆ. ಗೊತ್ತಾದ ಮೇಲೆ ಕುರ್ಚಿ ಬಿಟ್ಟು ಎದ್ದಿದ್ದೂ ಅದಕ್ಕೇ. ಕೂತಿದ್ರೆ ಸಹಿ ಹಾಕಿಬಿಡ್ತಿದ್ದೆ. ವಿಮಾನದಾಗೆ ನಾಲ್ಕು ಜನ ಹೋಗ್ತಾರೆ ಅಕ್ಕ. ಪೈಲಟ್ಟು ಇಬ್ರು, ಡಾಕ್ಟ್ರು, ನರ್ಸು. ಅವರು ಬರ್ತಾರೋ ಇಲ್ವೋ ನಾನು ನೋಡ್ತಿರ್ಲಿಲ್ಲ. ನಂಗೆ ಹೇಳಬಾರದು ಅಂತ ನಿಯಮ ಇರೋದೇ ಅದಕ್ಕೆ."

ಗೌರಮ್ಮ ಮೊರದ ಕಾಳನ್ನು ಒಂದು ಕಡೆಗೆ ಒತ್ತರಿಸಿದರು.

"ಹಂಗಾರೆ ನಿಂಗೆ ಹೇಳ್ಬೇಕಾಗಿತ್ತು ಕಣೋ" ಎಂದರು. "ಹೇಳಾಕೆ ನಾನೆಷ್ಟು ಒದ್ದಾಡ್ದೆ. ಡಾಕ್ಟ್ರು ಬೆಳಗ್ಗೆನೇ ರಸ್ತೆ ಮ್ಯಾಲೆ ಕರ್ಕಂಡು ಹೋಗಿ ಅಂದ್ರು. ಆಂಬುಲೆನ್ಸ್ ನಿಂತಿತ್ತು. ನಾನೇ ಬ್ಯಾಡ ಅಂದೆ. ನನ್ನ ತಮ್ಮ ಅವ್ನೆ, ಇಮಾನ ಕಳಿಸ್ತಾನೆ ಅಂದೆ. ಇಡೀ ದಿನ ಕಾದೆ."

ಇದನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಜಯಬೋಧಿ ಎರಡೂ ಕೈ ನೆಲಕ್ಕೂರಿ ತಲೆ ತಗ್ಗಿಸಿ ಕುಳಿತಿದ್ದ. ಇಬ್ಬರೂ ಅಳಲಿಲ್ಲ. ಗೌರಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು. ಮಗಳು ನಮ್ಮಿಬ್ಬರಿಗೂ ಮಜ್ಜಿಗೆ ತಂದಿಟ್ಟಳು. ಗೌರಮ್ಮ ಮತ್ತೆ ಹೊರಗೆ ಬರಲಿಲ್ಲ.

ಬೇಲೂರಿಗೆ ಬಂದಾಗ ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಲು ಹೇಳಿದ. ಬೆಂಗಳೂರಿಗೆ ಹೋಗಿ ರಾಜೀನಾಮೆ ಕೊಟ್ಟು ಬರುತ್ತೇನೆ ಎಂದ. ತನಿಖೆಯಲ್ಲಿ ತಪ್ಪಿಲ್ಲ ಅಂದಿದ್ದಾರಲ್ಲ, ಯಾಕೆ ಎಂದು ಕೇಳಿದೆ.

"ಇನ್ನು ಮೇಲೆ ಯಾವ ಊರಿಂದ ಕೋರಿಕೆ ಬಂದ್ರೂ ಅಲ್ಲಿ ಭಾವನೇ ಮಲಗಿರ್ತಾರೆ. ಹೆಸರು ಹೇಳದೇ ಇದ್ರೂ ನಂಗೆ ಕಾಣ್ತಾರೆ. ಅಂಥೋನ ಸಹಿ ನಂಬ್ಕೊಂಡು ಯಾರೂ ಮೇಲೆ ಹೋಗಬಾರದು" ಎಂದ. ಬಾಗಿಲು ಮೆಲ್ಲಗೆ ಹಾಕಿ, ರಸ್ತೆ ದಾಟಿ, ಹೊರಟಿದ್ದ ಬಸ್ಸಿನ ಹಿಂದಿನ ಬಾಗಿಲು ಹಿಡಿದು ಹತ್ತಿದ. ನಾನು ಅವನನ್ನು ಜೀವಂತವಾಗಿ ನೋಡಿದ್ದು ಅಷ್ಟೇ. ರಾಜೀನಾಮೆ ಕೊಟ್ಟು, ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡುವಾಗ ಕುಸಿದು ಬಿದ್ದು ತೀರಿಕೊಂಡ. ಹೃದಯ ಎಂದರು.

ಅರಸೀಕೆರೆಯ ಮನೆಗೆ ದೇಹ ತಂದರು. ಗೌರಮ್ಮ ಗೆಂಡೇಹಳ್ಳಿಯಿಂದ ಬಂದು ತಮ್ಮನ ತಲೆಯ ಹತ್ತಿರ ಕುಳಿತರು. ಕಂಪನಿಯಿಂದ ಕೆಲವರು ಬಂದಿದ್ದರು. ಅವರಲ್ಲಿ ಕ್ಯಾಪ್ಟನ್ ಅಕ್ಷತಾ ಇದ್ದಳು. ಸಾದಾ ಚೂಡಿದಾರ, ಕೈಯಲ್ಲಿ ಹೂವಿನ ಹಾರ. ಹಾರ ಹಾಕಿ ಹಿಂದೆ ಸರಿದವಳನ್ನು ಯಾರೋ ಗೌರಮ್ಮನಿಗೆ, ವಿಮಾನ ಓಡಿಸೋರು ಎಂದು ತೋರಿಸಿದರು.

ಗೌರಮ್ಮ ಅವಳನ್ನು ಹತ್ತಿರ ಕರೆದರು.

"ನೀನೇನವ್ವ, ಅವತ್ತು ನಮ್ಮೆಜಮಾನ್ರ ಕರ್ಕಂಡು ಬರಾಕೆ ಹೋಗ್ಬೇಕಾಗಿದ್ದೋಳು?"

"ಹೌದ್ರಿ ಅಮ್ಮ, ನಾನಽ. ಹೋಗ್ತೀನಿ ಅಂತ ಸರ್ ಜೋಡಿ ಜಗಳಾ ಆಡಿದ್ದೆ."

"ಹೋಗಿದ್ರೆ ವಾಪಸ್ ಬತ್ತಿದ್ದಾ?"

ಅಕ್ಷತಾ ಜಯಬೋಧಿಯ ಮುಖ ನೋಡಿದಳು. "ಗೊತ್ತಿಲ್ರಿ" ಎಂದಳು.

ಗೌರಮ್ಮ ಅವಳನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದರು. ವಯಸ್ಸೆಷ್ಟು ಎಂದು ಕೇಳಿದರು. ಅವಳು ಹೇಳಿದಳು. ತಾಯಿ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದಳು. ಗೌರಮ್ಮ ಇನ್ನೇನೂ ಕೇಳಲಿಲ್ಲ. ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ದೇಹ ಎತ್ತುವವರೆಗೂ ಆ ಕೈ ಬಿಡಲಿಲ್ಲ. ಎತ್ತಿದ ಮೇಲೂ, ಹೆಂಗಸರೆಲ್ಲ ಎದ್ದು ಹೊರಗೆ ಹೋದಾಗಲೂ, ಅವರಿಬ್ಬರೂ ಆ ಖಾಲಿ ಚಾಪೆಯ ಅಂಚಿನಲ್ಲಿ ಹಾಗೇ ಕುಳಿತಿದ್ದರು.